ಪ್ರೀಫೆಚ್ ಅಳಿಸಿದರೆ ಹಳೆಯ ಕಂಪ್ಯೂಟರ್ ಚುರುಕಾಗುತ್ತದೆಯೇ?

ಪ್ರಶ್ನೆ: ನಮ್ಮ ಮುದ್ರಣಾಲಯದಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಡೆಸ್ಕ್‌ಟಾಪ್ ಇದೆ. ಪುಟ ವಿನ್ಯಾಸದ ಪೇಜ್‌ಮೇಕರ್, ಕನ್ನಡ ಬರೆಯುವ ನುಡಿ ಎರಡೂ ಅದರಲ್ಲೇ ಇರುವುದರಿಂದ ಬಿಡುವಂತಿಲ್ಲ. ವಾರಕ್ಕೊಮ್ಮೆ ತಪ್ಪದೆ ಟೆಂಪ್, ಪ್ರೀಫೆಚ್ ಎಲ್ಲವನ್ನೂ ಅಳಿಸುತ್ತೇವೆ. ಆದರೂ ನಿಧಾನವಾಗುತ್ತಲೇ ಇದೆ. ಇನ್ನು ಏನೇನು ಅಳಿಸಬೇಕು?

ಉತ್ತರ: ಮೊದಲು ಪ್ರೀಫೆಚ್ ಅಳಿಸುವುದನ್ನು ನಿಲ್ಲಿಸಿ. ಮುಂದಿನದನ್ನು ಆಮೇಲೆ ನೋಡೋಣ.

ಈ ಮಾತನ್ನು ಎಷ್ಟು ಸಲ ಹೇಳಿದರೂ ಮುಗಿಯುತ್ತಿಲ್ಲ. ಎಕ್ಸ್‌ಪಿ ಹೋಗಿ ವಿಂಡೋಸ್ ಏಳು ಬಂತು, ಏಳು ಹೋಗಿ ಹತ್ತು ಬಂತು, ರನ್ ಪೆಟ್ಟಿಗೆಯಲ್ಲಿ ‘ಪ್ರೀಫೆಚ್’ ಎಂದು ಬರೆದು, ಕಂಡದ್ದನ್ನೆಲ್ಲ ಆರಿಸಿ, ಅಳಿಸಿಬಿಡುವ ಚಾಳಿ ಮಾತ್ರ ಹೋಗಿಲ್ಲ. ರಿಪೇರಿಗೆ ಬಂದವರು ಮಾಡುವುದನ್ನು ನೋಡಿ ಮಾಲೀಕರು ಕಲಿತರು, ಮಾಲೀಕರನ್ನು ನೋಡಿ ಕೆಲಸದವರು ಕಲಿತರು. ಆ ಕಡತಕೋಶದಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಇವತ್ತು ಅದನ್ನೇ ಬಿಡಿಸಿ ಹೇಳುತ್ತೇನೆ.

ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆಗಳಿವೆ, ಅವುಗಳ ಮೇಲೆ ಓಡಾಡುವ ಓದುಮೊನೆಯಿದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಕೂಡ ಅಲ್ಲೊಂದು ಇಲ್ಲೊಂದು ಚೂರು ಹುಡುಕಿ ಓದಬೇಕಾದಾಗ ಸೆಕೆಂಡಿಗೆ ನೂರರ ಆಸುಪಾಸಿನಷ್ಟೇ ಓದಬಲ್ಲದು. ಪೇಜ್‌ಮೇಕರ್ ತೆರೆಯಲು ಅದರ ಮುಖ್ಯ ಕಡತ, ಹತ್ತಾರು ಸಹಾಯಕ ಕಡತಗಳು, ಫಾಂಟುಗಳು ಹೀಗೆ ಡಿಸ್ಕಿನ ಮೂಲೆಮೂಲೆಯಿಂದ ನೂರಾರು ಚೂರುಗಳು ಬೇಕು. ನಿಧಾನದ ಮೂಲ ಇರುವುದು ಇಲ್ಲಿ.

2001ರಲ್ಲಿ ಎಕ್ಸ್‌ಪಿ ಬಂದಾಗ ಈ ತೊಂದರೆಗೆ ಕಂಡುಕೊಂಡ ಪರಿಹಾರವೇ ಪ್ರೀಫೆಚ್. ನೀವು ಒಂದು ತಂತ್ರಾಂಶ ತೆರೆದಾಗ ಮೊದಲ 10 ಸೆಕೆಂಡುಗಳಲ್ಲಿ ಅದು ಯಾವ ಯಾವ ಕಡತದ ಯಾವ ಭಾಗವನ್ನು ಕೇಳಿತು ಎಂಬುದನ್ನು ವಿಂಡೋಸ್ ಗಮನಿಸಿ ಬರೆದಿಡುತ್ತದೆ. ಮುಂದಿನ ಸಲ ಅದೇ ತಂತ್ರಾಂಶ ತೆರೆದಾಗ ಆ ಪಟ್ಟಿ ನೋಡಿ, ಬೇಕಾದದ್ದನ್ನೆಲ್ಲ ಒಟ್ಟಿಗೆ ಓದಿ ಮೆಮೊರಿಗೆ ತಂದಿಡುತ್ತದೆ. ಪಟ್ಟಿ ಹಿಡಿದು ಅಂಗಡಿಗೆ ಹೋದವನು ಒಂದೇ ಸಲಕ್ಕೆ ಸಾಮಾನು ತರುತ್ತಾನೆ, ಪಟ್ಟಿಯಿಲ್ಲದವನು ಸಾಸಿವೆಗೊಮ್ಮೆ ಜೀರಿಗೆಗೊಮ್ಮೆ ಓಡುತ್ತಾನೆ. ನೀವು ವಾರವಾರವೂ ಹರಿದು ಹಾಕುತ್ತಿರುವುದು ಆ ಪಟ್ಟಿಯನ್ನು.

‘ಅವೆಲ್ಲ ಮೆಮೊರಿಯಲ್ಲಿ ತುಂಬಿಕೊಂಡು ಭಾರವಾಗುವುದಿಲ್ಲವೇ?’ ಎನ್ನುವುದು ಮುಂದಿನ ವಾದ. ಇಲ್ಲ. ಪಿಎಫ್ ಎಂದು ಕೊನೆಗೊಳ್ಳುವ ಆ ಕಡತಗಳು ಸುಮ್ಮನೆ ಡಿಸ್ಕಿನಲ್ಲಿ ಬಿದ್ದಿರುತ್ತವೆ. ಪೇಜ್‌ಮೇಕರ್‌ನ ಪಟ್ಟಿಯನ್ನು ವಿಂಡೋಸ್ ತೆಗೆದು ನೋಡುವುದು ನೀವು ಪೇಜ್‌ಮೇಕರ್ ತೆರೆದಾಗ ಮಾತ್ರ. ವರ್ಷದಿಂದ ತೆರೆಯದ ಆಟವೊಂದರ ಪಟ್ಟಿ ಅಲ್ಲಿದ್ದರೂ ಅದರಿಂದ ಒಂದು ಕ್ಷಣವೂ ವ್ಯರ್ಥವಾಗುವುದಿಲ್ಲ. ‘ಬೆಳೆಯುತ್ತಾ ಹೋದರೆ?’ ಅದಕ್ಕೂ ಮಿತಿಯಿದೆ. ಎಕ್ಸ್‌ಪಿಯಲ್ಲಿ ಪಟ್ಟಿಗಳ ಸಂಖ್ಯೆ 128 ಮುಟ್ಟಿದರೆ ಬಳಕೆಯಲ್ಲಿಲ್ಲದವನ್ನು ವಿಂಡೋಸ್ ತಾನೇ ತೆಗೆದುಹಾಕುತ್ತದೆ. ಎಲ್ಲ ಸೇರಿದರೂ ಕೆಲವೇ ಮೆಗಾಬೈಟ್.

ಆ ಕೋಶವನ್ನು ಒಮ್ಮೆ ತೆರೆದು ನೋಡಿ. ‘ಎನ್‌ಟಿಒಎಸ್‌ಬೂಟ್’ ಎಂದು ಶುರುವಾಗುವ ಒಂದು ಕಡತ ಕಾಣುತ್ತದೆ. ಅದು ಕಂಪ್ಯೂಟರ್ ಆನ್ ಆಗುವಾಗ ಬೇಕಾದ ಕಡತಗಳ ಪಟ್ಟಿ. ಅದನ್ನು ಅಳಿಸಿದ ಮೇಲೆ ಮುಂದಿನ ಬೂಟ್ ತಡವಾಗುತ್ತದೆ. ಪಕ್ಕದಲ್ಲಿ ‘ಲೇಔಟ್’ ಎಂಬ ಇನ್ನೊಂದು ಕಡತವಿದೆ. ಮೂರು ದಿನಕ್ಕೊಮ್ಮೆ, ಯಂತ್ರ ಬಿಡುವಾಗಿರುವಾಗ, ವಿಂಡೋಸ್ ಇದನ್ನು ಓದಿ, ಹೆಚ್ಚು ಬಳಸುವ ಕಡತಗಳನ್ನು ಡಿಸ್ಕಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿಡುತ್ತದೆ. ಅಳಿಸಿದರೆ ಆ ಜೋಡಣೆಯೂ ಮೊದಲಿನಿಂದ ಶುರು.

ಹಾಗಾದರೆ ಅಳಿಸಿದ ಕೂಡಲೇ ವೇಗ ಹೆಚ್ಚಿದಂತೆ ಕಾಣುವುದೇಕೆ? ಸ್ವಲ್ಪ ಹೊತ್ತಿನ ಹಿಂದೆ ಬಳಸಿದ ತಂತ್ರಾಂಶದ ಭಾಗಗಳು ಆಗ ಇನ್ನೂ ಮೆಮೊರಿಯಲ್ಲೇ ಇರುತ್ತವೆ. ಅಳಿಸಿದರೂ ಅಳಿಸದಿದ್ದರೂ ಅದು ಬೇಗನೇ ತೆರೆದುಕೊಳ್ಳುತ್ತದೆ. ನಿಜವಾದ ಪರೀಕ್ಷೆ ಬೇಕಿದ್ದರೆ ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಡಿಸ್ಕಿನ ದೀಪ ಮಿನುಗುವುದು ನಿಂತ ಮೇಲೆ ಪೇಜ್‌ಮೇಕರ್ ತೆರೆದು ಗಡಿಯಾರ ನೋಡಿ. ಆಮೇಲೆ ಪಟ್ಟಿಗಳನ್ನು ಅಳಿಸಿ, ಮತ್ತೆ ರೀಸ್ಟಾರ್ಟ್ ಮಾಡಿ, ಹಾಗೆಯೇ ಅಳೆಯಿರಿ. ನನ್ನ ಮಾತನ್ನು ನಂಬಬೇಕಾಗಿಲ್ಲ, ಗಡಿಯಾರವನ್ನು ನಂಬಿ.

ಟೆಂಪ್ ವಿಷಯ ಬೇರೆ. ಅದರಲ್ಲಿರುವುದು ನಿಜವಾಗಿಯೂ ಬಳಸಿ ಬಿಟ್ಟ ಕಡತಗಳು. ಸಿ ಡ್ರೈವ್ ಭರ್ತಿಯಾಗಿದ್ದರೆ ಅದನ್ನು ಖಾಲಿ ಮಾಡುವುದರಿಂದ ಪ್ರಯೋಜನವಿದೆ, ಏಕೆಂದರೆ ಚದುರಿದ ಕಡತಚೂರುಗಳನ್ನು ಒಟ್ಟುಗೂಡಿಸುವ ಎಕ್ಸ್‌ಪಿಯ ಡೀಫ್ರಾಗ್ ಸರಿಯಾಗಿ ಕೆಲಸ ಮಾಡಲು 15 ಶೇಕಡಾ ಜಾಗ ಖಾಲಿ ಬೇಕು. ಇನ್ನು ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಫ್ರೆಶ್ ಒತ್ತುವುದು: ಅದು ಐಕಾನುಗಳನ್ನು ಹೊಸದಾಗಿ ಓದಿ ತೋರಿಸುತ್ತದೆ, ಅಷ್ಟೇ.

ಈಗ ನಿಮ್ಮ ಯಂತ್ರ ನಿಧಾನವಾಗಿರುವ ಕಾರಣಕ್ಕೆ ಬರೋಣ. ಕಡತ ನಕಲು ಮಾಡುವಾಗ ಮೌಸ್ ಬಾಣ ತಡವರಿಸುತ್ತದೆಯೇ? ಹಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ (ಹಳೆಯ ಡಿಸ್ಕುಗಳನ್ನು ಜೋಡಿಸುವ ಬಗೆ) ಕಂಟ್ರೋಲರ್ ಎಂಬಲ್ಲಿ ಪ್ರೈಮರಿ ಐಡಿಇ ಚಾನೆಲ್ ತೆರೆದು, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಪುಟ ನೋಡಿ. ಕರೆಂಟ್ ಟ್ರಾನ್ಸ್‌ಫರ್ ಮೋಡ್ ಎದುರು ‘ಅಲ್ಟ್ರಾ ಡಿಎಂಎ’ ಇರಬೇಕು, ಅಂದರೆ ಪ್ರೊಸೆಸರ್‌ಗೆ ಹೊರೆಯಾಗದೆ ಡಿಸ್ಕಿನಿಂದ ಮೆಮೊರಿಗೆ ನೇರ ಸಾಗಣೆ. ‘ಪಿಐಒ’ ಇದ್ದರೆ ಕಳ್ಳ ಸಿಕ್ಕಿದಂತೆಯೇ. ಡಿಸ್ಕಿನಿಂದ ಓದುವಾಗ ಒಟ್ಟು ಆರು ಸಲ ದೋಷ ಬಂದರೆ ಎಕ್ಸ್‌ಪಿ ತಾನಾಗಿಯೇ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ದೋಷ ಮುಂದುವರಿದರೆ ಇಳಿದು ಇಳಿದು ಪಿಐಒಗೆ ಬಂದು ನಿಲ್ಲುತ್ತದೆ. ಆಗ ಪ್ರತಿ ಚೂರನ್ನೂ ಪ್ರೊಸೆಸರ್ ತಾನೇ ಹೊತ್ತು ಸಾಗಿಸಬೇಕು. ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ವೇಗವನ್ನು ಮರಳಿ ಕೊಡುತ್ತದೆ. ಕೆಲವು ದಿನಗಳಲ್ಲಿ ಮತ್ತೆ ಪಿಐಒಗೆ ಇಳಿದರೆ ಕೇಬಲ್ ಬದಲಿಸಿ. ಆಗಲೂ ಇಳಿದರೆ ಡಿಸ್ಕ್ ಸಾಯುತ್ತಿದೆ ಎಂದೇ ತಿಳಿಯಿರಿ. ವೇಗದ ಚಿಂತೆ ಬಿಟ್ಟು ಅವತ್ತೇ ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿ.

ಮೆಮೊರಿ ಸಾಲುತ್ತದೆಯೇ ಎಂದು ಟಾಸ್ಕ್ ಮ್ಯಾನೇಜರ್ ಹೇಳುತ್ತದೆ. ದಿನದ ಕೆಲಸ ಮುಗಿದಾಗ ಕಮಿಟ್ ಚಾರ್ಜ್‌ನ (ತಂತ್ರಾಂಶಗಳೆಲ್ಲ ಕೇಳಿದ ಒಟ್ಟು ಮೆಮೊರಿ) ‘ಪೀಕ್’ ಅಂಕಿ ಫಿಸಿಕಲ್ ಮೆಮೊರಿಯ ‘ಟೋಟಲ್’ಗಿಂತ ಬಹಳ ದೊಡ್ಡದಿದ್ದರೆ ರ‍್ಯಾಮ್ ಹಾಕಿಸಿ. ಮೆನು ತೆರೆಯುವುದು ತಡವೆನಿಸಿದರೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ಕಂಟ್ರೋಲ್ ಪ್ಯಾನೆಲ್, ಡೆಸ್ಕ್‌ಟಾಪ್ ಕೆಳಗಿರುವ ‘ಮೆನುಶೋಡಿಲೇ’ ಅಂಕಿಯನ್ನು 400ರಿಂದ 100ಕ್ಕೆ ಇಳಿಸಿ. ಇದು ಕಣ್ಣಿಗೆ ಕಾಣುವ ವ್ಯತ್ಯಾಸ. ನೀಲಿ ಥೀಮ್ ಬೇಡವಾದರೆ ಕ್ಲಾಸಿಕ್‌ಗೆ ಬದಲಿಸಿ, ಇಷ್ಟವಿದ್ದರೆ ಇಟ್ಟುಕೊಳ್ಳಿ. ಟಾಸ್ಕ್ ಶೆಡ್ಯೂಲರ್ ಸೇವೆಯನ್ನು ಮಾತ್ರ ನಿಲ್ಲಿಸಬೇಡಿ, ಎಕ್ಸ್‌ಪಿಯಲ್ಲಿ ಪ್ರೀಫೆಚ್ ಪಟ್ಟಿ ಬರೆಯುವುದೇ ಅದು. ಇಂಟರ್‌ನೆಟ್ ತಂತಿಯನ್ನು ಈ ಯಂತ್ರಕ್ಕೆ ಜೋಡಿಸಲೇಬೇಡಿ. 2014ರ ಏಪ್ರಿಲ್ 8ಕ್ಕೇ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿದೆ.

ನೀವು ಕೇಳಲಿಲ್ಲ, ಆದರೆ ಮುದ್ರಣಾಲಯ ಎಂದಿರಿ, ಹಾಗಾಗಿ ಇದನ್ನೂ ಹೇಳಬೇಕು. ಯಂತ್ರ ಚುರುಕಾಗಲೆಂದು ‘ಹಗುರ ಎಕ್ಸ್‌ಪಿ’ಯ ಸಿಡಿ ಹಾಕಿಸಿಕೊಳ್ಳುವವರಿದ್ದಾರೆ. ಹಗುರ ಮಾಡುವವರು ಹಲವು ಸಲ ಮೊದಲು ಕಿತ್ತು ಹಾಕುವುದು ಭಾಷೆಗಳ ಕಡತಗಳನ್ನು. ಎಕ್ಸ್‌ಪಿಯಲ್ಲಿ ಯೂನಿಕೋಡ್ (ಮೊಬೈಲ್, ಇಂಟರ್‌ನೆಟ್ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಕನ್ನಡಕ್ಕೆ ತುಂಗಾ ಫಾಂಟ್ ಇದೆ, ಆದರೆ ಒತ್ತಕ್ಷರಗಳನ್ನು ಕೂಡಿಸುವ ವ್ಯವಸ್ಥೆಯನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ನುಡಿಯ ಹಳೆಯ ಫಾಂಟುಗಳಿಗೆ ಅದರ ಅಗತ್ಯವಿಲ್ಲದ ಕಾರಣ ಕೊರತೆ ಗೊತ್ತಾಗುವುದೇ ಇಲ್ಲ. ಗಿರಾಕಿ ಮೊಬೈಲಿನಲ್ಲಿ ಬರೆದ ಲಗ್ನಪತ್ರಿಕೆಯ ಒಕ್ಕಣೆಯನ್ನು ಪೆನ್‌ಡ್ರೈವ್‌ನಲ್ಲಿ ತಂದ ದಿನ ‘ಕೃಷ್ಣ’ ಎಂಬ ಹೆಸರು ಬಿಡಿಬಿಡಿ ಚೂರುಗಳಾಗಿ ಕಾಣುತ್ತದೆ, ದೋಷ ಗಿರಾಕಿಯ ಮೇಲೆ ಬರುತ್ತದೆ.

ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ಗೆ ಹೋಗಿ, ಲ್ಯಾಂಗ್ವೇಜಸ್ ಪುಟದಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂದಿರುವ ಮೊದಲ ಚೌಕದಲ್ಲಿ ಗುರುತು ಹಾಕಿ. ಕೇವಲ 10 ಮೆಗಾಬೈಟ್‌ನಷ್ಟು ಜಾಗ ಬೇಕು. ಮೂಲ ಸಿಡಿಯನ್ನು ಕೇಳುತ್ತದೆ, ಹಗುರ ಸಿಡಿಯಲ್ಲಿ ಆ ಕಡತಗಳು ಸಿಗದೇ ಹೋಗಬಹುದು. ಇಷ್ಟಾದರೆ ನೋಟ್‌ಪ್ಯಾಡ್‌ನಲ್ಲಿ ಕನ್ನಡ ಸರಿಯಾಗಿ ಓದಲು ಬರುತ್ತದೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ, ಆದ್ದರಿಂದ ಒಕ್ಕಣೆಯನ್ನು ನುಡಿಯ ಸಂಕೇತಕ್ಕೆ ಪರಿವರ್ತಿಸಿಯೇ ಅಂಟಿಸಬೇಕು. ಯೂನಿಕೋಡ್‌ನಲ್ಲಿ ಅರ್ಕಾವೊತ್ತಿನ ರಕಾರ ಅಕ್ಷರಕ್ಕೆ ಮೊದಲು ಬರುತ್ತದೆ, ನುಡಿಯಲ್ಲಿ ಅಕ್ಷರದ ನಂತರ. ಪರಿವರ್ತಿಸಿದ ಮೇಲೆ ‘ಕಾರ್ಯಕ್ರಮ’, ‘ಆಶೀರ್ವಾದ’, ‘ಸೂರ್ಯ’ದಂತಹ ಪದಗಳನ್ನು ಪ್ಲೇಟಿಗೆ ಕಳುಹಿಸುವ ಮೊದಲು ಬೆರಳಿಟ್ಟು ಓದಿ.