ಡಾಲರ್‌ನಂತೆ ಕಾಣುವ ಈ ಬಿಲ್ಲೆ ಅಪರೂಪದ್ದೇ?

ಪ್ರಶ್ನೆ: ಅಮೆರಿಕದ ಹಳೇ ಸ್ಮಾರಕ ಪದಕವೊಂದು ನನ್ನ ಹತ್ತಿರ ಇದೆ. ಗಾತ್ರ ಬೆಳ್ಳಿ ಡಾಲರ್‌ನಷ್ಟೇ. ನೂರು ವರ್ಷದ ಹಿಂದಿನದು ಅಂದಮೇಲೆ ಅಪರೂಪದ್ದೇ ಇರಬೇಕು, ಅಲ್ವಾ?

ಉತ್ತರ: ಹಾಗೇನಿಲ್ಲ. ಇಸವಿ ಆಮೇಲೆ ನೋಡೋಣ, ಮೊದಲು ಲೋಹ ಯಾವುದು ಅಂತ ಪತ್ತೆ ಮಾಡಿ.

ಇಂಥ ಬಿಲ್ಲೆಗಳನ್ನು ಸಂಗ್ರಾಹಕರು ‘ಸೋ-ಕಾಲ್ಡ್ ಡಾಲರ್’ ಅನ್ನುತ್ತಾರೆ. ಇವು ಸರ್ಕಾರದ ಹಣವಲ್ಲ. ಹೆಚ್ಚಿನವು ವಸ್ತುಪ್ರದರ್ಶನ, ವಾರ್ಷಿಕೋತ್ಸವಗಳ ನೆನಪಿಗೆ ಹೊಡೆಸಿದವು. ಒಂದೇ ಚಿತ್ರವನ್ನು ಬೇರೆ ಬೇರೆ ಲೋಹದಲ್ಲಿ ಹೊಡೆಯುವುದು ಆಗ ಮಾಮೂಲಿ.

1920ರಲ್ಲಿ, ಆಗ ಅಮೆರಿಕದ ಆಳ್ವಿಕೆಯಲ್ಲಿದ್ದ ಫಿಲಿಪೈನ್ಸ್‌ನ ಮನಿಲಾದಲ್ಲಿ ಟಂಕಸಾಲೆ ಶುರುವಾದಾಗ ಬಂದ ‘ವಿಲ್ಸನ್ ಡಾಲರ್’ ನೋಡಿ. ಒಂದು ಕಡೆ ಅಧ್ಯಕ್ಷ ವುಡ್ರೋ ವಿಲ್ಸನ್ ಮುಖ. ಕಂಚಿನವು 3,700, ಬೆಳ್ಳಿಯವು 2,200, ಚಿನ್ನದವು ಬರೀ 5. ಇಸವಿ, ಚಿತ್ರ ಎಲ್ಲಾ ಅದೇ. ಹಿಬ್ಲರ್ ಮತ್ತು ಕ್ಯಾಪನ್ ಎಂಬಿಬ್ಬರು 1963ರಲ್ಲಿ ಇಂಥ ಬಿಲ್ಲೆಗಳಿಗೆಲ್ಲ ನಂಬರ್ ಕೊಟ್ಟು ತಂದ ಪಟ್ಟಿಯಲ್ಲಿ ಬೆಳ್ಳಿಯದಕ್ಕೆ ಎಚ್‌ಕೆ-449, ಕಂಚಿನದಕ್ಕೆ ಎಚ್‌ಕೆ-450. ಕೊಳ್ಳುವಾಗಲೂ ಮಾರುವಾಗಲೂ ಈ ನಂಬರನ್ನೇ ಕೇಳಿ.

ಬಣ್ಣ ನೋಡಿ ಬೆಳ್ಳಿ ಅಂದುಕೊಳ್ಳಬೇಡಿ. ತವರ ಬೆರೆತ ಬಿಳಿ ಲೋಹವೂ ಹಾಗೇ ಕಾಣುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೊದಲು ಬಿಲ್ಲೆಯ ತೂಕ ಬರೆದಿಟ್ಟುಕೊಳ್ಳಿ. ನೀರಿನ ಲೋಟವನ್ನು ಚಿಕ್ಕ ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಬಿಲ್ಲೆಯನ್ನು ಮೆತ್ತನೆಯ ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸಿದ ಗ್ರಾಂನಿಂದ ಮೊದಲಿನ ತೂಕ ಭಾಗಿಸಿ. ಉತ್ತರ 10ರ ಮೇಲೆ ಬಂದರೆ ಬೆಳ್ಳಿಯ ಆಸೆ ಇಟ್ಟುಕೊಳ್ಳಬಹುದು. 9ರ ಹತ್ತಿರ ಬಂದರೆ ತಾಮ್ರ ಅಥವಾ ಕಂಚು, ಮೇಲೆ ಬೆಳ್ಳಿ ಲೇಪ ಇದ್ದರೂ ಅಷ್ಟೇ. 7ರ ಆಸುಪಾಸಾದರೆ ಬಿಳಿ ಲೋಹ.

ಲೋಹ ಗೊತ್ತಾದ ಮೇಲೆ ಅಕ್ಷರ ಓದಿ. ಕೊಲರಾಡೊದ ವಿಕ್ಟರ್ ಊರಿನ ಜೋಸೆಫ್ ಲೆಶರ್ 1900-1901ರಲ್ಲಿ ಹೊಡೆಸಿದ ಎಂಟು ಮೂಲೆಯ ಬೆಳ್ಳಿ ಬಿಲ್ಲೆಗಳು ನನಗೆ ತುಂಬಾ ಇಷ್ಟ. ಬೆಳ್ಳಿಗೆ ಬೇಡಿಕೆ ಬರಲಿ ಅಂತ ಮಾಡಿಸಿದವು. ಅಂಗಡಿಯವರು ಸಾಮಾನಿಗೆ ಬದಲಾಗಿ ಇವನ್ನು ತೆಗೆದುಕೊಳ್ಳುತ್ತಿದ್ದರು. ಹಲವು ಬಿಲ್ಲೆಗಳ ಮೇಲೆ ಆ ವ್ಯಾಪಾರಿಯ ಹೆಸರೂ ಇರುತ್ತದೆ. ಯಾರ ಹೆಸರು ಅನ್ನೋದರ ಮೇಲೆ ಬೆಲೆ ಎಷ್ಟೋ ಪಟ್ಟು ಏರುಪೇರಾಗುತ್ತದೆ.

ಅಂಚನ್ನೂ ಭೂತಗನ್ನಡಿಯಲ್ಲಿ ನೋಡಿ. ಸುತ್ತಲೂ ಬೆಸುಗೆಯಂಥ ಗೆರೆ ಇದ್ದರೆ, ಮೈಮೇಲೆ ಸಣ್ಣ ಗುಳ್ಳೆಗುಳಿ ಕಂಡರೆ ನಕಲಿ ಇರಬಹುದು.

ದಯವಿಟ್ಟು ಪಾಲಿಶ್ ಮಾತ್ರ ಮಾಡಬೇಡಿ. ಆ ಕಪ್ಪು ಛಾಯೆ ಕೊಳೆಯಲ್ಲ, ವರ್ಷಗಟ್ಟಲೆ ಕೂತ ಬಣ್ಣ. ಒಮ್ಮೆ ಉಜ್ಜಿದರೆ ಅದು ಮತ್ತೆ ಬರುವುದಿಲ್ಲ.