ಕಣಿವೆ ಕಾಪಾಡಿದ ಹಳೆಯ ಕಾಡು

ಏಪ್ರಿಲ್ ತಿಂಗಳಲ್ಲಿ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಗುಡ್ಡಗಳ ಮೇಲೆ ನಡೆದು ನೋಡಿ. ಎಷ್ಟೋ ಕಡೆ ಮರಗಳು ಎಲೆ ಉದುರಿಸಿಕೊಂಡು ನಿಂತಿರುತ್ತವೆ. ಕಾಲಡಿ ದರಕು, ಅಂದರೆ ಒಣಗಿ ಬಿದ್ದ ಎಲೆ, ಚರಚರ ಎನ್ನುತ್ತದೆ. ಅಲ್ಲಿಂದ ಅಘನಾಶಿನಿ ನದಿಯ ಕಣಿವೆಗೆ ಇಳಿಯುತ್ತಾ ಹೋದಂತೆ ಬಿಸಿಲು ಕಮ್ಮಿಯಾಗುತ್ತದೆ, ನೆಲ ತಣ್ಣಗಾಗುತ್ತದೆ, ಕಾಡು ದಟ್ಟ ಹಸಿರಾಗುತ್ತದೆ. ಬೀಳುವ ಮಳೆ ಒಂದೇ. ಆದರೂ ಮೇಲೆ ಒಂದು ಕಾಡು, ಕೆಳಗೆ ಇನ್ನೊಂದು. ಏಕೆ?

ಮೊದಲು ಕಣಿವೆಯ ವಿಷಯ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಕಳಚಿಕೊಂಡಿತು. ಪಶ್ಚಿಮ ಘಟ್ಟದ ಕಡಿದಾದ ಅಂಚಿನ ಕಥೆ ಶುರುವಾಗುವುದು ಅಲ್ಲಿಂದ. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ಸುಮಾರು 120 ಕಿಲೋಮೀಟರ್ ಹರಿಯುವಷ್ಟರಲ್ಲಿ ಈ ಎತ್ತರವನ್ನೆಲ್ಲ ಇಳಿದು ಸಮುದ್ರ ಸೇರಬೇಕು. ಉಂಚಳ್ಳಿಯಲ್ಲಿ ಅದು 116 ಮೀಟರ್ ಧುಮುಕುತ್ತದೆ. ಆ ಸದ್ದಿಗೇ ಜನ ಇದನ್ನು ಕೆಪ್ಪ ಜೋಗ ಎನ್ನುತ್ತಾರೆ. ಬೀಳುವ ನೀರು ಬುಡದ ಬಂಡೆಯನ್ನು ಕೊರೆಯುತ್ತದೆ. ಬುಡ ಸಡಿಲವಾದಾಗ ಮೇಲಿನ ಕಲ್ಲು ಕುಸಿಯುತ್ತದೆ. ಹೀಗೆ ಜಲಪಾತ ಬಹಳ ನಿಧಾನವಾಗಿ ಹಿಂದೆ ಸರಿಯುತ್ತಾ, ಮುಂದೆ ಆಳವಾದ ಕಣಿವೆಯನ್ನು ಬಿಟ್ಟುಹೋಗುತ್ತದೆ.

ಈ ಆಳವೇ ಕಾಡನ್ನು ಉಳಿಸಿದ್ದು. ಉತ್ತರ ಕನ್ನಡದಲ್ಲಿ ಹೆಚ್ಚಿನ ಮಳೆಯೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಕೇರಳದಿಂದ ಉತ್ತರಕ್ಕೆ ಬಂದಂತೆ ಒಣ ತಿಂಗಳುಗಳು ಜಾಸ್ತಿ. ನಿತ್ಯಹಸಿರು ಮರಗಳಿಗೆ ಕಷ್ಟ ಇರುವುದು ಈ ಒಣ ತಿಂಗಳುಗಳಲ್ಲೇ. ಹಾಗಾಗಿ ನೆರಳು ಮತ್ತು ಒಸರುವ ನೀರು ಎರಡೂ ಸಿಗುವ ಕೊಳ್ಳಗಳಲ್ಲಿ ಅವು ಹೆಚ್ಚು ಗಟ್ಟಿಯಾಗಿ ನೆಲೆನಿಂತಿವೆ.

ಇದನ್ನು ಕಣ್ಣಾರೆ ನೋಡಬೇಕಾದರೆ ರಾಮಪತ್ರೆ ಜಡ್ಡಿಗೆ, ಅಂದರೆ ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗಿಗೆ, ಹೋಗಬೇಕು. ಇದೇ ತಾಲ್ಲೂಕಿನ ಶರಾವತಿ ಕೊಳ್ಳದಲ್ಲಿರುವ ಕತ್ತಲೆಕಾನು ಇದಕ್ಕೆ ಹೆಸರುವಾಸಿ. ಹಳ್ಳದ ಬದಿಯ ಜೌಗಿನಲ್ಲಿ ಜಾಯಿಕಾಯಿ ಕುಟುಂಬದ ಮರಗಳು ನಿಂತಿರುತ್ತವೆ. ಹೂಬಿಡುವ ಗಿಡಗಳ ಬಹಳ ಹಳೆಯ ಕವಲೊಂದಕ್ಕೆ ಸೇರಿದ ಕುಟುಂಬ ಇದು. ನೀರು ತುಂಬಿದ ಕೆಸರಿನಲ್ಲಿ ಆಮ್ಲಜನಕ ಕಮ್ಮಿ. ಹೀಗಾಗಿ ಬೇರುಗಳು ನೆಲದಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಮಡಚಿದ ಮಂಡಿಯ ಹಾಗೆ ಕಾಣುವ ಆ ಬಾಗಿನ ತೊಗಟೆಯಲ್ಲಿರುವ ಸಣ್ಣ ರಂಧ್ರಗಳಿಂದ ಬೇರಿಗೆ ಗಾಳಿ ಸಿಗುತ್ತದೆ. ದಯವಿಟ್ಟು ಅವುಗಳ ಮೇಲೆ ಕಾಲಿಡಬೇಡಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲ ಊರವರ ಜೊತೆಗೇ ಹೋಗಿ.

ಈ ಮರಗಳ ಬೀಜ ಇನ್ನೂ ನಾಜೂಕು. ಹುರುಳಿ, ಭತ್ತದ ಬೀಜವನ್ನು ಒಣಗಿಸಿ ವರ್ಷಗಟ್ಟಲೆ ಇಡಬಹುದು. ಇವು ಒಣಗಿದರೆ ಸತ್ತೇ ಹೋಗುತ್ತವೆ. ಬಿದ್ದ ಕೂಡಲೇ ಹಸಿ ನೆಲ ಬೇಕು. ದಪ್ಪ ಬೀಜ ಗಾಳಿಗೆ ಹಾರುವುದೂ ಇಲ್ಲ. ಬೀಜವನ್ನು ಸುತ್ತಿರುವ ಕೆಂಪು ಪತ್ರೆಯ ಆಸೆಗೆ ಬರುವ ಮಂಗಟ್ಟೆ ಹಕ್ಕಿ ಅದನ್ನು ನುಂಗಿ, ಬೀಜವನ್ನು ಬೇರೆಲ್ಲೋ ಉಗುಳಬೇಕು. ಅದು ಬಿದ್ದ ಜಾಗ ಗುಡ್ಡದ ನೆತ್ತಿಯಾದರೆ ಕಥೆ ಅಲ್ಲಿಗೇ ಮುಗಿಯಿತು. ಕಾಡು ಕಡಿದು ಒಮ್ಮೆ ನೆಲ ಒಣಗಿದರೆ ಈ ಮರಗಳು ತಾವಾಗಿ ಮರಳಿ ಬರುವುದು ಏಕೆ ಅಷ್ಟು ಕಷ್ಟ ಅಂತ ಇದರಿಂದ ಗೊತ್ತಾಗುತ್ತದೆ, ಅಲ್ವಾ? ಇದೇ ಕತ್ತಲೆಕಾನಿನ ಜೌಗಿನಲ್ಲಿ ಗೇರು ಕುಟುಂಬದ ಒಂದು ಮರವನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ್ದು 2000ದಲ್ಲಿ. ಅಷ್ಟು ದೊಡ್ಡ ಮರ ವಿಜ್ಞಾನದ ಕಣ್ಣಿಗೆ ಬೀಳಲು ಅಷ್ಟು ಕಾಲ ಬೇಕಾಯಿತು! ನನಗೆ ಇಂದಿಗೂ ಬೆರಗು.

ಸಿಂಗಳೀಕಕ್ಕೂ ಇಂಥ ಕಾಡೇ ಬೇಕು. ಪಶ್ಚಿಮ ಘಟ್ಟ ಬಿಟ್ಟರೆ ಅದು ಲೋಕದಲ್ಲಿ ಬೇರೆಲ್ಲೂ ಸಹಜವಾಗಿ ಬದುಕಿಲ್ಲ. ವರ್ಷವಿಡೀ ಒಂದಲ್ಲ ಒಂದು ಮರ ಹಣ್ಣು ಬಿಡುತ್ತಿರಬೇಕು, ನೆಲಕ್ಕಿಳಿಯದೆ ದಾಟುವಷ್ಟು ಕೊಂಬೆಗಳು ಕೂಡಿರಬೇಕು. ಅದಕ್ಕಾಗಿಯೇ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು.

ಕಣಿವೆ ಕಾಡನ್ನು ಕಾಯುತ್ತದೆ ಎಂದೆ. ಕಾಡೂ ಕಣಿವೆಯ ನೀರನ್ನು ಕಾಯುತ್ತದೆ. ದರಕು, ಬೇರು, ಎರೆಹುಳುಗಳಿಂದ ಸಡಿಲಾದ ಮಣ್ಣು ಮಳೆನೀರನ್ನು ಒಳಗೆ ಎಳೆದುಕೊಂಡು ಬೇಸಿಗೆಯಲ್ಲಿ ಮೆಲ್ಲಗೆ ಬಿಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶರಾವತಿ ಕೊಳ್ಳದಲ್ಲಿ ಕಂಡದ್ದೂ ಇದನ್ನೇ: ಸ್ಥಳೀಯ ಮರಗಳ ದಟ್ಟ ಕಾಡಿರುವ ಕಡೆ ಹಳ್ಳಗಳು ವರ್ಷಪೂರ್ತಿ ಹರಿಯುತ್ತವೆ. ಕಾಡು ಹಾಳಾದ ಕಡೆ ಮಳೆಗಾಲ ಮುಗಿದು ಕೆಲವು ತಿಂಗಳಿಗೇ ಬತ್ತುತ್ತವೆ.

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಈ ನೀರು ತನ್ನ ಪಾಡಿಗೆ, ನದಿ ಸಮುದ್ರ ಸೇರುವ ತದಡಿಯವರೆಗೆ ಹೋಗುತ್ತದೆ. ಈಗ ನದಿಯ ನೀರನ್ನು ಪೂರ್ವಕ್ಕೆ ತಿರುಗಿಸಿ ವೇದಾವತಿ ನದಿಗೆ ಜೋಡಿಸುವ ಪ್ರಸ್ತಾವ ಇದೆ. ಅದಕ್ಕೆ ನನ್ನ ವಿರೋಧವಿದೆ. ಮಳೆಗಾಲದಲ್ಲಿ ನೀರು ಸುಮ್ನೆ ಸಮುದ್ರಕ್ಕೆ ಹೋಗುತ್ತದೆ ಎನ್ನುವವರು ಒಮ್ಮೆ ಅಳಿವೆಗೆ ಹೋಗಿ ನೋಡಬೇಕು. ಗಜನಿಯಲ್ಲಿ, ಅಂದರೆ ಅಳಿವೆಯ ಬದಿಯ ಉಪ್ಪುನೆಲದ ಗದ್ದೆಗಳಲ್ಲಿ, ಬೆಳೆಯುವ ಕಗ್ಗ ಭತ್ತ ಉಪ್ಪು ತಡೆಯುತ್ತದೆ ನಿಜ. ಆದರೆ ಅದು ಮೊಳೆತು ಬೆಳೆಯುವುದು ಮಳೆನೀರು ಗದ್ದೆಯ ಉಪ್ಪನ್ನು ತೊಳೆದ ಮೇಲೆಯೇ. ಜನ ಆರಿಸಿ ತರುವ ಬಳಚು ಎಂಬ ಚಿಪ್ಪುಜೀವಿ ಬೆಳೆಯುವುದೂ ಸಿಹಿನೀರು, ಉಪ್ಪುನೀರು ಬೆರೆಯುವಲ್ಲಿ. 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಆ ಅಳಿವೆಗೆ ಸಿಹಿನೀರು ಇಳಿದು ಬರುವುದು ಇದೇ ಕಣಿವೆಯಿಂದ.