ಟ್ಯೂನಾ ಲೆಕ್ಕಕ್ಕೆ ಹಡಗಿನ ದಿನಚರಿ

ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಮಂಡ್ಯದ ಯಾವ ರೈತನೂ ಅದನ್ನು ಲೀಟರಿನಲ್ಲಿ ಅಳೆಯುವುದಿಲ್ಲ. ಎಷ್ಟು ದಿನ ಹರಿಯುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದೇ ಲೆಕ್ಕ. ಮೇಲ್ಭಾಗದವರು ಸರದಿ ಮೀರಿ ತೂಬು ತೆರೆದರೆ ಮದ್ದೂರು, ಮಳವಳ್ಳಿಯ ಕೊನೆಭಾಗದ ಗದ್ದೆ ಒಣಗುತ್ತದೆ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರಗಳು ಟ್ಯೂನಾ ಮೀನನ್ನು ಉಳಿಸಿಕೊಳ್ಳಲು ಹಿಡಿದಿರುವುದೂ ಇದೇ ದಾರಿಯನ್ನು.

ಸ್ಕಿಪ್‌ಜಾಕ್ ಎಂಬ ಟ್ಯೂನಾ ಇಂದು ಒಂದು ದೇಶದ ನೀರಿನಲ್ಲಿದ್ದರೆ ಮುಂದಿನ ತಿಂಗಳು ಇನ್ನೊಂದರಲ್ಲಿರುತ್ತದೆ. ಹೀಗಾಗಿ ಒಂದು ದೇಶ ಮಾತ್ರ ಬಿಗಿಯಾದರೆ ವಿದೇಶಿ ಹಡಗುಗಳು ಪಕ್ಕದ ದೇಶಕ್ಕೆ ಹೊರಳುತ್ತವೆ, ಅಷ್ಟೆ. ಇದನ್ನರಿತ ಪಪುವಾ ನ್ಯೂಗಿನಿ, ಕಿರಿಬಾಟಿ, ನೌರು ಮೊದಲಾದ ರಾಷ್ಟ್ರಗಳು 1982ರಲ್ಲಿ ನೌರು ಒಪ್ಪಂದಕ್ಕೆ ಬಂದವು. ಇಂದು ಅದರಲ್ಲಿ ಎಂಟು ದೇಶಗಳಿವೆ. ವಲಸೆ ಹೋಗುವ ಟ್ಯೂನಾದ ಮೇಲೆ ಯಾವ ಕರಾವಳಿ ದೇಶಕ್ಕೂ ಹಕ್ಕಿಲ್ಲವೆಂಬುದು ಆಗ ಅಮೆರಿಕದ ವಾದವಾಗಿತ್ತು. 1984ರಲ್ಲಿ ಸೊಲೊಮನ್ ದ್ವೀಪಗಳು ಜೀನೆಟ್ ಡಯಾನಾ ಎಂಬ ಅಮೆರಿಕದ ಹಡಗನ್ನು ವಶಪಡಿಸಿಕೊಂಡಾಗ, ಆ ದೇಶದ ಮೀನಿಗೇ ಅಮೆರಿಕ ನಿಷೇಧ ಹೇರಿತು. ಕೊನೆಗೆ 1987ರಲ್ಲಿ ಅಮೆರಿಕವೇ ಶುಲ್ಕ ಕೊಟ್ಟು ಮೀನು ಹಿಡಿಯುವ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು.

2007ರಲ್ಲಿ ನೌರು ಒಪ್ಪಂದದ ದೇಶಗಳು ಪರ್ಸೀನ್ ಬಲೆಯ, ಅಂದರೆ ಮೀನಿನ ಗುಂಪನ್ನು ಸುತ್ತುವರಿದು ಬುಡ ಬಿಗಿಯುವ ಬಲೆಯ, ಹಡಗುಗಳಿಗೆ ದಿನಗಳ ಲೆಕ್ಕ ತಂದವು. ವರ್ಷಕ್ಕೆ ಇಷ್ಟೇ ಹಡಗು-ದಿನಗಳೆಂದು ನಿಗದಿ ಮಾಡಿ, ತಮ್ಮೊಳಗೆ ಹಂಚಿಕೊಂಡು ಮಾರುತ್ತವೆ. ದಿನವೊಂದರ ಕನಿಷ್ಠ ದರ 8000 ಡಾಲರ್. 80 ಮೀಟರಿಗಿಂತ ಉದ್ದದ ಹಡಗಿಗೆ ಒಂದು ದಿನ ಒಂದೂವರೆ ದಿನವೆಂದೂ, 50 ಮೀಟರಿಗಿಂತ ಚಿಕ್ಕದಕ್ಕೆ ಅರ್ಧ ದಿನವೆಂದೂ ಎಣಿಕೆ.

ದಿನಗಳನ್ನು ಎಣಿಸಬೇಕಾದರೆ ಹಡಗು ಎಲ್ಲಿದೆ, ಏನು ಮಾಡುತ್ತಿದೆ ಎಂಬುದು ತಿಳಿಯಬೇಕು. ಉಪಗ್ರಹವು ಮೇಲಿನಿಂದ ಕಣ್ಣಿಟ್ಟು ಹಡಗನ್ನು ನೋಡುತ್ತಿರುತ್ತದೆ ಎಂದು ಬಹಳಷ್ಟು ಜನ ನಂಬಿದ್ದಾರೆ. ಓದಿದವರೂ ಹೀಗೆ ಹೇಳುವುದನ್ನು ಕೇಳಿದಾಗ ಬೇಸರವಾಗುತ್ತದೆ. ಜಿಪಿಎಸ್ ಉಪಗ್ರಹಗಳು ಸಮಯದ ಸಂಕೇತಗಳನ್ನು ಬಿತ್ತರಿಸುತ್ತವೆಯೇ ಹೊರತು ಕೆಳಗೆ ಯಾರಿದ್ದಾರೆಂಬುದು ಅವುಗಳಿಗೆ ಗೊತ್ತೇ ಇರುವುದಿಲ್ಲ. ಆ ಸಂಕೇತಗಳಿಂದ ತನ್ನ ಸ್ಥಾನವನ್ನು ಲೆಕ್ಕ ಹಾಕುವುದು ಹಡಗಿನಲ್ಲಿರುವ ಮೊಹರು ಹಾಕಿದ ಪೆಟ್ಟಿಗೆ. ಅದನ್ನು ವೇಗ, ದಿಕ್ಕುಗಳೊಂದಿಗೆ ಬೇರೊಂದು ಸಂವಹನ ಉಪಗ್ರಹದ ಮೂಲಕ ನಿಗದಿತ ಅವಧಿಗೊಮ್ಮೆ ದಡಕ್ಕೆ ಕಳುಹಿಸುವುದೂ ಅದೇ.

ಹೀಗೆ ಬಂದ ಸ್ಥಾನಗಳನ್ನು ನಕ್ಷೆಯ ಮೇಲೆ ಬಿಂದುಗಳಾಗಿ ಜೋಡಿಸಿದಾಗ ಹಡಗಿನ ಕಸುಬು ಕಾಣಿಸತೊಡಗುತ್ತದೆ. ನೇರ ಗೆರೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಹಡಗು ಪ್ರಯಾಣದಲ್ಲಿದೆ. ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿದ ಪರ್ಸೀನ್ ಹಡಗಿನ ಬಿಂದುಗಳು ಕೆಲವು ಗಂಟೆ ಒಂದೇ ಕಡೆ ಗುಂಪುಗಟ್ಟುತ್ತವೆ, ಏಕೆಂದರೆ ಬಲೆಯ ಬುಡವನ್ನು ಬಿಗಿದು ಮೀನನ್ನು ಮೇಲೆತ್ತುವವರೆಗೆ ಅದು ಕದಲುವಂತಿಲ್ಲ. ಹತ್ತಾರು ಕಿಲೋಮೀಟರ್ ಉದ್ದದ ಗಾಳದ ದಾರ ಬಿಡುವ ಲಾಂಗ್‌ಲೈನ್ ಹಡಗು ವೇಗವಾಗಿ ಹೋಗಿ, ದಾರ ಎಳೆದುಕೊಳ್ಳುತ್ತಾ ನಿಧಾನವಾಗಿ ಮರಳುತ್ತದೆ. ‘ಆ ದಿನ ಮೀನು ಹಿಡಿಯಲಿಲ್ಲ, ಸುಮ್ಮನೆ ಹಾದುಹೋದೆವು’ ಎಂದು ದಿನ ಉಳಿಸಿಕೊಳ್ಳಲು ಬರುವ ಅರ್ಜಿಯನ್ನು ಈ ಗೆರೆಗಳೊಂದಿಗೆ ತಾಳೆ ನೋಡಬಹುದು.

ಆದರೆ ಬಲೆಗೆ ಬಿದ್ದದ್ದೇನು, ನೀರಿಗೆ ಎಸೆದದ್ದೇನು ಎಂಬುದನ್ನು ಬಿಂದು ಹೇಳಲಾರದು. ಪೆಸಿಫಿಕ್‌ನಲ್ಲಿ ಲಾಂಗ್‌ಲೈನ್ ಹಡಗುಗಳ ಕೆಲಸದ ಕನಿಷ್ಠ ಶೇ. 5 ಭಾಗದಲ್ಲಿ, ಹಡಗಿನಲ್ಲೇ ಇದ್ದು ಹಿಡಿದದ್ದನ್ನು ದಾಖಲಿಸುವ ವೀಕ್ಷಕರಿದ್ದರೆ ಸಾಕೆಂಬುದು ನಿಯಮ. ಉಳಿದದ್ದಕ್ಕೆ ಹಡಗಿನ ನಾಯಕನ ದಾಖಲೆಯೇ ಗತಿ. ದಾರ ಮೇಲೆ ಬರುವ ಅಂಚಿಗೆ ಕ್ಯಾಮೆರಾ ತೂಗಿಸಿ, ದಾರ ಎಳೆಯುವ ಯಂತ್ರಕ್ಕೆ ಸಂವೇದಕ ಜೋಡಿಸಿದರೆ, ಶಾರ್ಕ್ ಅಥವಾ ಕಡಲಾಮೆಯನ್ನು ದಾರ ಕತ್ತರಿಸಿ ಬಿಟ್ಟ ಕ್ಷಣವೂ ದಡದಲ್ಲಿ ಕುಳಿತು ನೋಡುವವರಿಗೆ ಸಿಗುತ್ತದೆ. ಹಿಂದೂ ಮಹಾಸಾಗರದ ಟ್ಯೂನಾ ಆಯೋಗ ಇಂಥ ವ್ಯವಸ್ಥೆಯ ಮಾನದಂಡಗಳನ್ನು 2023ರಲ್ಲಿ ಒಪ್ಪಿಕೊಂಡಿತು.

ಭಾರತವೂ ಆ ಆಯೋಗದ ಸದಸ್ಯ. ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು, ಅಂದರೆ ಉಪಗ್ರಹದ ಮೂಲಕ ಸಂದೇಶ ಸಾಗಿಸುವ ಪೆಟ್ಟಿಗೆಗಳನ್ನು, 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರಲ್ಲಿ ಚಾಲನೆ ಸಿಕ್ಕಿದೆ.  ಹವಾಮಾನ, ಅಪಾಯ, ಗಡಿಯ ಸೂಚನೆ ಕೊಡುವುದಕ್ಕೆ ಈ ಪೆಟ್ಟಿಗೆ ಮುಖ್ಯ. ಅದರ ಮಾಹಿತಿ ಟ್ಯೂನಾ ಲೆಕ್ಕಕ್ಕೂ ಒದಗಬೇಕಾದರೆ, ನೆರೆಯ ದೇಶಗಳೊಂದಿಗೆ ಅದನ್ನು ಹಂಚಿಕೊಳ್ಳುವ ಕರಾರು ಮೊದಲು ಆಗಬೇಕು.